ಡಿಪೋದ ರಾತ್ರಿ, ಕರೆಂಟಿನ ಲೆಕ್ಕ

ರಾತ್ರಿ ಹತ್ತೂವರೆ. ಒಂದು ಎಲೆಕ್ಟ್ರಿಕ್ ಬಸ್ ಡಿಪೋದ ಗೇಟಿನ ಬಳಿ ನಿಂತಿದ್ದೆ. ಎರಡನೇ ಪಾಳಿ ಮುಗಿಸಿದ ಬಸ್ಸುಗಳು ಒಂದರ ಬೆನ್ನಿಗೊಂದು ಒಳಗೆ ಬರುತ್ತಿದ್ದವು. ಕಂಡಕ್ಟರುಗಳು ಕ್ಯಾಶ್ ಕಟ್ಟಲು ಕೌಂಟರಿನ ಕಡೆ ಹೋದರೆ ಬಸ್ಸುಗಳು ಚಾರ್ಜರ್ ಸಾಲಿಗೆ ಬಂದು ನಿಲ್ಲುತ್ತಿದ್ದವು. ಗ್ಲೌಸ್ ತೊಟ್ಟ ಹುಡುಗನೊಬ್ಬ ಮಣಿಕಟ್ಟಿನಷ್ಟು ದಪ್ಪದ ಕೇಬಲ್ ಎಳೆದು ತಂದು ಗನ್ ಸಿಕ್ಕಿಸಿದ. ಒಳಗೆಲ್ಲೋ ‘ಟಕ್’ ಎಂದಿತು, ಚಾರ್ಜರಿನ ಫ್ಯಾನು ಹೊಯ್ಯೆಂದಿತು. ಅವನು ಉದ್ದನೆಯ ರಿಜಿಸ್ಟರ್ ತೆರೆದು ಬಸ್ ನಂಬರು, ಬಂದ ಹೊತ್ತು, ಉಳಿದ ಚಾರ್ಜು ಶೇ. 23, ಬೆಳಿಗ್ಗೆ ಹೊರಡುವುದು 5.10 ಎಂದು ಬರೆದುಕೊಂಡ. ಪಕ್ಕದ ಕೋಣೆಯ ಪರದೆಯಲ್ಲೂ ಅದೇ ಬಸ್ಸು ಹಸಿರು ಚೌಕವಾಗಿ ಕಾಣುತ್ತಿತ್ತು. ಶೇ. 23 ಅಲ್ಲೂ ಇತ್ತು. 5.10 ಇರಲಿಲ್ಲ.

ಡಿಪೋಗಳ ‘ಸ್ಮಾರ್ಟ್ ಎನರ್ಜಿ ಮ್ಯಾನೇಜ್‌ಮೆಂಟ್’ ಬಗ್ಗೆ ನನಗಿರುವ ತಕರಾರು ಮುಖ್ಯವಾಗಿ ಆ 5.10ರದು.

ಡೀಸೆಲ್ ಬಸ್ಸಿಗೆ ಟ್ಯಾಂಕ್ ತುಂಬಿಸುವುದು ಕೆಲವೇ ನಿಮಿಷದ ಕೆಲಸ. ಸಂಜೆ ತುಂಬಿಸಿದರೂ ನಸುಕಿಗೆ ತುಂಬಿಸಿದರೂ ಲೀಟರಿನ ಬೆಲೆ ಒಂದೇ. ವಿದ್ಯುತ್ತಿನ ಕಥೆ ಬೇರೆ. ನಗರದಲ್ಲಿ ಓಡುವ 12 ಮೀಟರ್ ಬಸ್ಸು ಕಿಲೋಮೀಟರಿಗೆ ಸುಮಾರು 1.1 ಯೂನಿಟ್ ತಿನ್ನುತ್ತದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ 200 ಕಿ.ಮೀ. ಓಡಿದರೆ 220 ಯೂನಿಟ್, ನೂರು ಬಸ್ಸಿನ ಡಿಪೋಗೆ 22,000 ಯೂನಿಟ್. ಬಂದ ಬಸ್ಸಿಗೆಲ್ಲ ಬಂದ ಕೂಡಲೇ 120 ಕಿಲೋವ್ಯಾಟಿನ ಗನ್ ಹಾಕಿದರೆ ಆ ಡಿಪೋ ಒಂದೇ ಸಲ 12 ಮೆಗಾವ್ಯಾಟ್ ಕೇಳುತ್ತದೆ. ಅಷ್ಟೇ ಯೂನಿಟ್ಟನ್ನು ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಸಮನಾಗಿ ಹಂಚಿದರೆ ಮೂರು ಮೆಗಾವ್ಯಾಟಿಗಿಂತ ತುಸು ಹೆಚ್ಚು ಸಾಕು. ದೊಡ್ಡ ಗ್ರಾಹಕರು ಯೂನಿಟ್ಟಿನ ದರದ ಜೊತೆಗೆ ಗರಿಷ್ಠ ಬೇಡಿಕೆಗೂ ಶುಲ್ಕ ಕಟ್ಟಬೇಕು, ಮಂಜೂರಾದ ಮಿತಿ ದಾಟಿದರೆ ದಂಡ ಬೇರೆ. ಟ್ರಾನ್ಸ್‌ಫಾರ್ಮರು, ಕೇಬಲ್ಲು, ಸ್ವಿಚ್‌ಗೇರು ಎಲ್ಲವನ್ನೂ ಆ ಗರಿಷ್ಠಕ್ಕೆ ತಕ್ಕಂತೆಯೇ ಕೊಳ್ಳಬೇಕು.

ಇದು ದೂರದ ಮಾತಲ್ಲ. 2014ರಲ್ಲಿ ಬಿವೈಡಿ ಬಸ್ಸೊಂದನ್ನು ಪ್ರಯೋಗಕ್ಕೆ ಓಡಿಸಿದ ಬಿಎಂಟಿಸಿ, 2021ರ ಕೊನೆಯಲ್ಲಿ ಮೆಟ್ರೊ ಫೀಡರ್ ಬಸ್ಸುಗಳಿಂದ ಶುರುಮಾಡಿ, 2022ರಲ್ಲಿ ಸ್ವಿಚ್ ಕಂಪನಿಯ 300 ಬಸ್ಸುಗಳಿಗೆ ಚಾಲನೆ ಕೊಟ್ಟು, ಆಮೇಲೆ ಟಾಟಾದ 921 ಬಸ್ಸುಗಳಿಗೆ ಒಪ್ಪಂದ ಮಾಡಿಕೊಂಡಿತು. 2025ರಲ್ಲಿ ಪಿಎಂ ಇ-ಡ್ರೈವ್ ಯೋಜನೆಯಡಿ ಬೆಂಗಳೂರಿಗೆ ಹಂಚಿಕೆಯಾದದ್ದು ಇನ್ನೂ 4,500. ಮೇಲಿನ ಲೆಕ್ಕವನ್ನೇ ಹಿಗ್ಗಿಸಿದರೆ ಇವಕ್ಕೆ ದಿನಕ್ಕೆ ಹತ್ತಿರ ಹತ್ತಿರ 10 ಲಕ್ಷ ಯೂನಿಟ್ ಬೇಕು. ಹಂಚಿ ಕೊಟ್ಟರೆ 140 ಮೆಗಾವ್ಯಾಟ್, ಎಲ್ಲ ಒಟ್ಟಿಗೆ ಮುಗಿಬಿದ್ದರೆ 540.

ಹಂಚಿಕೆಯ ಕೆಲಸವನ್ನು ತಂತ್ರಾಂಶ ಚೆನ್ನಾಗಿಯೇ ಮಾಡುತ್ತದೆ, ಅದನ್ನು ಒಪ್ಪಬೇಕು. ಒಸಿಪಿಪಿ ಎಂಬ ಮುಕ್ತ ಸಂವಹನ ನಿಯಮ ಇರುವುದರಿಂದ ಬೇರೆ ಬೇರೆ ಕಂಪನಿಗಳ ಚಾರ್ಜರುಗಳು ಒಂದೇ ಕೇಂದ್ರದ ಮಾತು ಕೇಳುತ್ತವೆ. ಒಟ್ಟು ಲೋಡು ಮಿತಿ ಮುಟ್ಟುವ ಮೊದಲೇ ಒಂದೊಂದು ಗನ್ನಿನ ವೇಗ ತಗ್ಗಿಸಬಹುದು. ಬ್ಯಾಟರಿ ಮುಕ್ಕಾಲುಪಾಲು ದಾಟಿದ ಮೇಲೆ ತಾನಾಗಿಯೇ ಕರೆಂಟು ಕಡಿಮೆ ಎಳೆಯುತ್ತದೆ. ಆಗ ಉಳಿಯುವುದನ್ನು ಪಕ್ಕದ ಬಸ್ಸಿಗೆ ದಾಟಿಸಬಹುದು. ಇದನ್ನೆಲ್ಲ ಮನುಷ್ಯ ನಿಂತು ಮಾಡಲಾಗದು.

ಆದರೆ ಯಾರಿಗೆ ಮೊದಲು? ಇದಕ್ಕೆ ಉತ್ತರ ಇರುವುದು ಬಸ್ಸು ಹೊರಡುವ ಹೊತ್ತಿನ ಅನುಸೂಚಿಯಲ್ಲಿ, ಚಾರ್ಜರಿನಲ್ಲಲ್ಲ. ಆ ರಾತ್ರಿ ನಾನು ನೋಡಿದ ವ್ಯವಸ್ಥೆ ಮಿತಿ ಹತ್ತಿರ ಬಂದಾಗ ಎಲ್ಲ ಗನ್ನುಗಳನ್ನೂ ಸಮನಾಗಿ ತಗ್ಗಿಸಿತು. ಬೆಳಿಗ್ಗೆ ಒಂಬತ್ತೂವರೆಗೆ ಹೊರಡುವ ಬಸ್ಸಿಗೂ 5.10ರ ಬಸ್ಸಿಗೂ ಒಂದೇ ಪಾಲು. ಹನ್ನೆರಡೂವರೆ ಹೊತ್ತಿಗೆ ಆ ಹುಡುಗ ರಿಜಿಸ್ಟರ್ ಮೇಲೆ ಬೆರಳಾಡಿಸಿ, ಎದ್ದು ಹೋಗಿ ಒಂಬತ್ತೂವರೆಯ ಎರಡು ಬಸ್ಸುಗಳ ಗನ್ ತೆಗೆದಿಟ್ಟ. “ಇವಕ್ಕೆ ನಾಲ್ಕರ ಮೇಲೆ ಹಾಕಿದರೂ ಆಗುತ್ತೆ ಸಾರ್, ಮುಂದಿನವು ಹೊರಡಬೇಕಲ್ಲ” ಎಂದ. ಲಕ್ಷಗಟ್ಟಲೆ ಸುರಿದು ತಂದ ಬುದ್ಧಿಯ ಜಾಗವನ್ನು ಒಬ್ಬನ ನಿದ್ದೆಗೇಡು ತುಂಬುತ್ತಿತ್ತು. ಅವನ ಆ ತಿಳಿವಳಿಕೆಗೆ ನನಗೆ ಗೌರವವಿದೆ. ನಾಳೆ ಅವನು ರಜೆ ಹಾಕಿದರೆ ಏನು ಗತಿ ಎಂಬ ಚಿಂತೆಯೂ ಇದೆ.

ಚಾರ್ಜರಿಗೂ ಅನುಸೂಚಿಗೂ ನಡುವಿನ ಈ ಬಿರುಕಿಗೆ ಒಪ್ಪಂದಗಳ ರೀತಿಯೂ ಕಾರಣ. ಕಿಲೋಮೀಟರ್ ಲೆಕ್ಕದ ಗುತ್ತಿಗೆಯಲ್ಲಿ ಬಸ್ಸು, ಚಾಲಕ, ನಿರ್ವಹಣೆ ಕಂಪನಿಯದು. ಮಾರ್ಗ, ವೇಳಾಪಟ್ಟಿ, ಕಂಡಕ್ಟರ್ ನಿಗಮದ್ದು. ಗನ್ ಒಬ್ಬರ ಕೈಯಲ್ಲಿ, ಗಡಿಯಾರ ಇನ್ನೊಬ್ಬರ ಕೈಯಲ್ಲಿ. ವಿದ್ಯುತ್ ಬಿಲ್ಲು ಯಾರದೆಂಬುದು ಟೆಂಡರಿನಿಂದ ಟೆಂಡರಿಗೆ ಬದಲಾಗುತ್ತದೆ. ಕಟ್ಟುವವರಿಗೆ ಹೊತ್ತು ಬದಲಿಸುವ ಅಧಿಕಾರವಿಲ್ಲದಿದ್ದರೆ ಉಳಿತಾಯದ ಆಸಕ್ತಿ ಹುಟ್ಟುವುದಾದರೂ ಹೇಗೆ?

ಇನ್ನು ‘ರಾತ್ರಿ ಅಗ್ಗ’ ಎಂಬ ಹಳೆಯ ನಂಬಿಕೆ. ಶೆನ್‌ಜೆನ್ ನಗರ 2017ರ ಹೊತ್ತಿಗೆ ತನ್ನ 16 ಸಾವಿರಕ್ಕೂ ಹೆಚ್ಚು ಬಸ್ಸುಗಳನ್ನೆಲ್ಲ ವಿದ್ಯುತ್ತಿಗೆ ತಿರುಗಿಸಿದಾಗ ರಾತ್ರಿಯ ಕಡಿಮೆ ದರವನ್ನೇ ನೆಚ್ಚಿಕೊಂಡಿತ್ತು, ಆಗ ಅದು ಸರಿಯೂ ಆಗಿತ್ತು. ಆದರೆ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇರುವ ನಮ್ಮ ರಾಜ್ಯದಲ್ಲಿ ಹೊಸ ವಿದ್ಯುತ್ತು ಉಕ್ಕುವುದು ಮಟಮಟ ಮಧ್ಯಾಹ್ನ. 2023ರ ಕೇಂದ್ರ ನಿಯಮಗಳೂ ಬಿಸಿಲಿನ ಹೊತ್ತಿನ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20ರಷ್ಟು ಕಡಿಮೆ ಇರಬೇಕೆನ್ನುತ್ತವೆ. ರಾತ್ರಿಗಷ್ಟೇ ಹೊಂದಿಸಿದ ಡಿಪೋ ಬಸ್ಸಿಗೆ ಸೂರ್ಯನನ್ನು ತಪ್ಪಿಸಿ, ಹೆಚ್ಚಾಗಿ ಕಲ್ಲಿದ್ದಲಿನ ಕರೆಂಟು ಕುಡಿಸುತ್ತದೆ.

ಡಿಪೋ ಚಾವಣಿಯ ಮೇಲೆ ಪ್ಯಾನೆಲ್ ಹಾಕಿ ಫೋಟೊ ತೆಗೆಸುವುದರಿಂದ ಇದು ಬಗೆಹರಿಯದು. ಒಂದು ಮೆಗಾವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4,000 ಯೂನಿಟ್ ಕೊಟ್ಟೀತು, ಅಂದರೆ 18 ಬಸ್ಸಿಗೆ. ಹಾಕಲಿ, ನೆರಳೂ ಆಗುತ್ತದೆ. ಇನ್ನೊಂದು ಉಪಾಯವೂ ಉಂಟು. ಲಂಡನ್ನಿನ ನಾರ್ತಂಬರ್‌ಲ್ಯಾಂಡ್ ಪಾರ್ಕ್ ಗ್ಯಾರೇಜಿನಲ್ಲಿ 28 ಡಬಲ್ ಡೆಕ್ಕರ್‌ಗಳಿಂದ ಗ್ರಿಡ್ಡಿಗೇ ವಿದ್ಯುತ್ ಮರಳಿಸುವ ಪ್ರಯೋಗ ನಡೆಯಿತು. ಸೊಗಸಾದ ಪ್ರಯೋಗ. ಆದರೆ ನಮ್ಮಲ್ಲಿ ಗ್ರಿಡ್ ಒದ್ದಾಡುವ ಸಂಜೆ ಆರರಿಂದ ಒಂಬತ್ತರವರೆಗೆ ಬಸ್ಸುಗಳು ಸಿಲ್ಕ್ ಬೋರ್ಡಿನಲ್ಲಿ ಜನರನ್ನು ತುಂಬಿಕೊಂಡು ನಿಂತಿರುತ್ತವೆ. ಮರಳಿಸುವವರು ಯಾರು?

ನಮಗೆ ಬೇಕಾದದ್ದು ಮಧ್ಯಾಹ್ನದ ಚಾರ್ಜಿಂಗ್. ಬೆಳಗಿನ ದಟ್ಟಣೆ ಹನ್ನೊಂದಕ್ಕೆ ಇಳಿದು ಸಂಜೆಯದು ನಾಲ್ಕರ ಮೇಲೆ ಏರುತ್ತದೆ. ನಡುವೆ ಬಸ್ಸನ್ನು ಖಾಲಿ ಓಡಿಸಿಕೊಂಡು ಡಿಪೋಗೆ ಬಂದರೆ ಡೆಡ್ ಕಿಲೋಮೀಟರ್ ನಷ್ಟ, ನಿಜ. ಹಾಗಿದ್ದರೆ ಚಾರ್ಜರನ್ನೇ ದೊಡ್ಡ ಬಸ್ ನಿಲ್ದಾಣಗಳಿಗೆ ಒಯ್ಯಲಿ, ಅನುಸೂಚಿ ಬರೆಯುವವರ ಮೇಜಿನ ಮೇಲೆ ವಿದ್ಯುತ್ ದರದ ಪಟ್ಟಿಯೂ ಇರಲಿ. ಎರಡು ಗನ್ ಹಾಕಿ 240 ಕಿಲೋವ್ಯಾಟಿನಲ್ಲಿ ಅರ್ಧ ಗಂಟೆ ಕೊಟ್ಟರೆ ಸುಮಾರು 100 ಯೂನಿಟ್ ಏರುತ್ತದೆ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣಕ್ಕೆ ಒಮ್ಮೆ ಹೋಗಿಬರುವಷ್ಟು. ಅಷ್ಟರಲ್ಲಿ ಚಾಲಕನ ಊಟವೂ ಮುಗಿದಿರುತ್ತದೆ.