ಕುಮಾರ ಪರ್ವತ: ನಿದ್ದೆಗೆಟ್ಟು ಹೋಗುವಷ್ಟು ಇದೆಯೇ?

ಚಾರಣದ ಹಾದಿಯನ್ನು ಶಿಖರದ ಎತ್ತರದಿಂದ ಅಳೆಯುವವರೇ ಹೆಚ್ಚು. ಆ ಲೆಕ್ಕಕ್ಕೆ ನಮ್ಮ ರಾಜ್ಯದಲ್ಲಿ ಮುಳ್ಳಯ್ಯನಗಿರಿಯೇ ಮೊದಲು, 1,930 ಮೀಟರ್. ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ರಸ್ತೆ ಇದೆ, ಉಳಿದದ್ದು ಮೆಟ್ಟಿಲು. 1,712 ಮೀಟರಿನ ಕುಮಾರ ಪರ್ವತ ಅದಕ್ಕಿಂತ ಗಿಡ್ಡ. ಆದರೂ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಬೇಕಾದ ಹಾದಿ ಯಾವುದೆಂದು ಕೇಳಿದರೆ ನಾನು ಹೇಳುವುದು ಇದನ್ನೇ.

ಹಾದಿ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಹಾಗಾಗಿ ಒಂದೂವರೆ ಸಾವಿರ ಮೀಟರಿನಷ್ಟು ಏರು ಕಾಲಿನ ಪಾಲಿಗೇ ಬೀಳುತ್ತದೆ. ಆ ಏರಿನುದ್ದಕ್ಕೂ ಕಾಡು ಬದಲಾಗುತ್ತ ಹೋಗುವುದೇ ಈ ಹಾದಿಯ ಹೆಚ್ಚುಗಾರಿಕೆ. ಮೊದಲು ಬಿಸಿಲು ನೆಲ ಮುಟ್ಟದ ದಟ್ಟ ಕಾಡು. ಬೇರುಗಳೇ ಮೆಟ್ಟಿಲು, ಮಳೆ ಬಿಟ್ಟ ಹೊಸತರಲ್ಲಾದರೆ ಇಂಬಳಗಳ ಉಪಚಾರವೂ ಉಂಟು. ಗಿರಿಗದ್ದೆ ಕಳೆದರೆ ಮರಗಳೆಲ್ಲ ಹಿಂದುಳಿದು ಬರೀ ಹುಲ್ಲು, ತಲೆಗೆ ನೆರಳಿಲ್ಲ. ಕಲ್ಲು ಮಂಟಪ ದಾಟಿ ಶೇಷ ಪರ್ವತ ಹತ್ತಿದವರು ‘ಅಬ್ಬ, ಮುಗಿಯಿತು’ ಅನ್ನುತ್ತಾರೆ. ಮುಗಿದಿರುವುದಿಲ್ಲ. ಹಾದಿ ಮತ್ತೆ ಇಳಿದು, ತಂಪಾದ ಶೋಲಾ ಕಾಡು ಹೊಕ್ಕು, ಬಂಡೆ ಹತ್ತಿಸಿ ಆಮೇಲೆ ತುದಿ ಮುಟ್ಟಿಸುತ್ತದೆ. ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ದಾರಿ ಹತ್ತಿರ, ನಿಜ. ಆದರೆ ಅತ್ತಲಿಂದ ಹತ್ತುವುದು ಯಕ್ಷಗಾನಕ್ಕೆ ಬೆಳಗಿನ ಜಾವ ಬಂದು ಕೂತಂತೆ.

ಗಿರಿಗದ್ದೆಯ ‘ಭಟ್ಟರ ಮನೆ’ಯನ್ನು ಬಿಟ್ಟು ಈ ಹಾದಿಯ ಮಾತಿಲ್ಲ. ಅಲ್ಲಿನ ಊಟ ಅನ್ನ, ಸಾಂಬಾರು, ಮಜ್ಜಿಗೆ, ಅಷ್ಟೇ. ಬೇರೆ ಗುಡ್ಡಗಳ ತಪ್ಪಲಿನ ಮ್ಯಾಗಿ ಅಂಗಡಿಗಳು ಪ್ರವಾಸಿಗರಿಗಾಗಿ ಬಂದವು. ಇಲ್ಲಿ ಕಾಡಿನ ನಡುವಿನ ಒಂದು ಮನೆಯೇ ದಾರಿಹೋಕರಿಗೆ ಎಲೆ ಹಾಕುತ್ತ ಬಂದಿದೆ. (ಊಟಕ್ಕೆ ದುಡ್ಡು ಕೊಡಬೇಕು, ಚೌಕಾಸಿ ಮಾಡಬಾರದು.)

ತುದಿಯ ನೋಟ ಮಾತ್ರ ನಂಬಿಕೆಗೆ ಅರ್ಹವಲ್ಲ. ಎಷ್ಟೋ ದಿನ ಅಲ್ಲಿ ಕಾಣುವುದು ಮಂಜು ಮತ್ತು ಪಕ್ಕದವರ ರೇನ್‌ಕೋಟು. ಅದಕ್ಕಿಂತ ದೊಡ್ಡ ದೋಷ ಜನಸಂದಣಿ. 2024ರ ಜನವರಿಯ ರಜೆಯಲ್ಲಿ ಇಲ್ಲಿ ಸೇರಿದ ಜಾತ್ರೆಯ ವಿಡಿಯೊಗಳು ಊರೆಲ್ಲ ಹರಿದಾಡಿದವು. ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದು, ಜನರ ಸಂಖ್ಯೆಗೆ ಮಿತಿ ಹಾಕಿತು. ಗೊಣಗಿದವರು ಬಹಳ. ನನಗೆ ಅದು ತಡವಾಗಿ ಬಂದ ನಿಯಮವೆಂದೇ ಅನ್ನಿಸಿತು. ಮುಂದಿನವರ ಬೆನ್ನಚೀಲ ನೋಡುತ್ತ ಹತ್ತುವುದಾದರೆ ಕಾಡು ಬದಲಾದದ್ದು ಗೊತ್ತಾಗುವುದಾದರೂ ಹೇಗೆ?

ಹೋಗುವವರು ವಾರದ ನಡುವಿನ ದಿನ ನೋಡಿ ಬುಕ್ ಮಾಡಿ, ಬೆಳಕು ಹರಿಯುತ್ತಲೇ ಕುಕ್ಕೆಯಿಂದಲೇ ಹೊರಡಿ.