ನಕ್ಷೆಯು ಹೇಳದ ಮಾತು: ಡ್ಯೂಪ್ಲೆಕ್ಸ್ ಉಕ್ಕಿನ ಎಲೆಕ್ಟ್ರೋಡುಗಳನ್ನು ಕುರಿತು

ಶೆಫ್ಲರ್ ಮಹಾಶಯರು 1949ರಲ್ಲಿ ಪ್ರಕಟಿಸಿದ ನಕ್ಷೆಯನ್ನು ತುಕ್ಕುಹಿಡಿಯದ ಉಕ್ಕಿನ ಬೆಸುಗೆಯನ್ನು ಅಭ್ಯಾಸಮಾಡುವವರೆಲ್ಲರೂ ಬಲ್ಲರು. ಲೋಹದ ಘಟಕಗಳನ್ನು ಕ್ರೋಮಿಯಂ ಸಮಾನಾಂಕ, ನಿಕ್ಕಲ್ ಸಮಾನಾಂಕಗಳೆಂಬ ಎರಡೇ ಅಂಕಿಗಳಿಗೆ ಇಳಿಸಿ, ಬೆಸುಗೆಯಲ್ಲಿ ಫೆರೈಟ್ ಎಷ್ಟು, ಆಸ್ಟೆನೈಟ್ ಎಷ್ಟು ಎಂದು ತಿಳಿಸುವ ಈ ಉಪಾಯವು ನಿಜಕ್ಕೂ ಸೊಗಸಾದುದು. ಆದರೆ ಅದರಲ್ಲಿ ನೈಟ್ರೋಜನ್ನಿಗೆ ಸ್ಥಾನವಿರಲಿಲ್ಲ. ಡಿಲಾಂಗ್ ಅವರು ಆ ಕೊರತೆಯನ್ನು ತುಂಬಿದರು. 1988ರ ನಕ್ಷೆಯು ಫೆರೈಟ್ ಅಂಕವನ್ನು 100ರವರೆಗೆ ವಿಸ್ತರಿಸಿತು. 1992ರದು ತಾಮ್ರವನ್ನೂ ಲೆಕ್ಕಕ್ಕೆ ತಂದಿತು.

ಇಷ್ಟಾದರೂ ಒಂದು ಆಕ್ಷೇಪವು ಉಳಿದೇ ಇದೆ. ನಕ್ಷೆಯು ಘಟಕಗಳನ್ನು ಬಲ್ಲುದು, ಕಾಲವನ್ನು ಅರಿಯದು. ಡ್ಯೂಪ್ಲೆಕ್ಸ್ ಬೆಸುಗೆಯು ಹೆಪ್ಪುಗಟ್ಟುವಾಗ ಬಹುಮಟ್ಟಿಗೆ ಫೆರೈಟೇ ಆಗಿರುತ್ತದೆ. ಆಸ್ಟೆನೈಟು ಹುಟ್ಟುವುದು ಅನಂತರ, ಘನಸ್ಥಿತಿಯಲ್ಲಿ, ತಣಿಯುತ್ತಿರುವಾಗ. ಅತಿವೇಗವಾಗಿ ತಣಿದರೆ ಫೆರೈಟು ಹೆಚ್ಚಾಗಿ ಉಳಿಯುತ್ತದೆ. ಅದರಲ್ಲಿ ಕರಗಿ ನಿಲ್ಲಲಾರದ ನೈಟ್ರೋಜನ್ನು ಕ್ರೋಮಿಯಂ ನೈಟ್ರೈಡಾಗಿ ಹೊರಬೀಳುತ್ತದೆ. ಆಘಾತವನ್ನೂ ತುಕ್ಕನ್ನೂ ತಾಳುವ ಗುಣಗಳು ಕುಗ್ಗುತ್ತವೆ. 2205 ಎಂಬ ತಟ್ಟೆಯಲ್ಲಿ ನಿಕ್ಕಲ್ಲು ಶೇಕಡಾ 5ರಷ್ಟಿದ್ದರೆ, ಅದನ್ನು ಬೆಸೆಯುವ 2209 ಎಲೆಕ್ಟ್ರೋಡಿನಲ್ಲಿ 9ರಷ್ಟಿರುವುದು ಇದಕ್ಕಾಗಿಯೇ. ತಟ್ಟೆಗೆ ಕಾರ್ಖಾನೆಯಲ್ಲಿ ಕಾಯಿಸಿ ನೀರಿನಲ್ಲಿ ತಣಿಸುವ ಸಂಸ್ಕಾರವುಂಟು. ಬೆಸುಗೆಗೆ ಸಾಮಾನ್ಯವಾಗಿ ಅದಿಲ್ಲ. ಹೆಚ್ಚಿನ ನಿಕ್ಕಲ್ಲು ಆ ಕೊರತೆಯ ಪರಿಹಾರ.

ತಯಾರಕರ ಪ್ರಮಾಣಪತ್ರದಲ್ಲಿ ಕಾಣುವ ಫೆರೈಟ್ ಅಂಕವಾದರೋ ಕೇವಲ ಎಲೆಕ್ಟ್ರೋಡಿನ ಲೋಹದ್ದು. ಕೊಳವೆಯ ಮೊದಲ ಸಾಲಿನಲ್ಲಿ ತಟ್ಟೆಯ ಲೋಹವು ಶೇಕಡಾ 30ರಷ್ಟು ಬೆರೆತಿತೆನ್ನೋಣ, ನಿಕ್ಕಲ್ಲು 7.8ಕ್ಕೆ ಇಳಿಯಿತು. ಕೊಳವೆಯೊಳಗಿನ ಉಪ್ಪುನೀರನ್ನೋ ಆಮ್ಲವನ್ನೋ ಎದುರಿಸಬೇಕಾದುದು ಈ ಮೊದಲ ಸಾಲೇ! ನಾವು ಅಳೆದುದು ಒಂದನ್ನು, ನೆಚ್ಚಿದುದು ಇನ್ನೊಂದನ್ನು.

ಹಾಗಾದರೆ ನಿಕ್ಕಲ್ಲನ್ನು ಇನ್ನೂ ಏರಿಸಬಹುದಲ್ಲವೆ ಎಂದು ಕೇಳುವವರುಂಟು. ಆಸ್ಟೆನೈಟು ಅತಿಯಾದರೆ ಉಳಿದ ಫೆರೈಟಿನಲ್ಲಿ ಕ್ರೋಮಿಯಂ, ಮಾಲಿಬ್ಡಿನಂಗಳು ಸಾಂದ್ರಗೊಂಡು, ಸುಮಾರು 700ರಿಂದ 950 ಡಿಗ್ರಿ ಸೆಂಟಿಗ್ರೇಡಿನ ನಡುವೆ ಪೆಡಸಾದ ಸಿಗ್ಮಾ ಪ್ರಾವಸ್ಥೆಗೆ ಎಡೆಯಾಗುತ್ತದೆ. ಲೇಪದ ವಿಚಾರವೂ ನಕ್ಷೆಗೆ ಹೊರಗು: ರುಟೈಲ್ ಲೇಪ ಬೆಸುಗೆಗಾರನಿಗೆ ಸುಲಭ; ಶೀತದಲ್ಲಿ ಆಘಾತವನ್ನು ತಾಳಲು ಕ್ಷಾರೀಯ ಲೇಪವೇ ಮೇಲು.

ಆದಕಾರಣ ಹೊಸ ಎಲೆಕ್ಟ್ರೋಡುಗಳನ್ನು ರೂಪಿಸುವವರು ಮೊದಲ ಸಾಲಿನಲ್ಲಿಯೇ ಅಳೆದ ಫೆರೈಟನ್ನೂ, ತಟ್ಟೆಯ ದಪ್ಪ, ಶಾಖದ ಪ್ರಮಾಣ, ಸಾಲುಗಳ ನಡುವಣ ಉಷ್ಣತೆ ಇವನ್ನೂ ಕೂಡಿಯೇ ಪ್ರಕಟಿಸಬೇಕೆಂಬುದು ನಮ್ಮ ಅಭಿಪ್ರಾಯ.