ಸಿನಿಮಾ ಶುರುವಾಗುವ ಮುನ್ನ: ಡಿವಿಡಿ ಮೆನು ನೋಡುವವರಿಗೊಂದು ಕೈಪಿಡಿ

ಡಿಸ್ಕ್ ಹಚ್ಚಿದ ಕೂಡಲೇ ರಿಮೋಟಿನ ಓಕೆ ಒತ್ತಿ ಸಿನಿಮಾಕ್ಕೆ ಹೋಗಿಬಿಡುವುದು ಎಲ್ಲರ ರೂಢಿ. ಒಂದು ಸಲ ಒತ್ತದೆ ಕೂಡಿರಿ. ಮೆನು ಎರಡು ಸುತ್ತು ತಿರುಗಲಿ. ಅದನ್ನು ಮಾಡಿದವರು ಯಾರಿಗಾಗಿ ಮಾಡಿದ್ದಾರೆ ಎಂಬುದು ಅಷ್ಟರಲ್ಲೇ ಗೊತ್ತಾಗುತ್ತದೆ. ಮನೆಮಂದಿಯ ನಡುವೆ ರಿಮೋಟ್ ಹಿಡಿದು ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಮೆನುವೇ ಒಳ್ಳೆಯ ಮೆನು ಎಂದು ನಾನು ನಂಬಿದ್ದೇನೆ.

ನಮ್ಮ ಕಡೆ, ನವಲಗುಂದ, ಅಣ್ಣಿಗೇರಿ, ಕಲಘಟಗಿಯ ಹಳ್ಳಿಗಳಲ್ಲಿ, ಮೊದಲು ಬಂದದ್ದು ವಿಸಿಡಿ. ಒಂದು ಸಿನಿಮಾಕ್ಕೆ ಎರಡು ಡಿಸ್ಕ್. ಮಧ್ಯದಲ್ಲಿ ಯಾರಾದರೂ ಎದ್ದು ಎರಡನೆಯದನ್ನು ಹಚ್ಚಬೇಕಿತ್ತು. ಅದರ ಚಿತ್ರದ ಅಳತೆ 352×288 ಚುಕ್ಕೆ. ಮೆನು ಇದ್ದರೂ ಅಂಕಿ ಒತ್ತಿ ಆರಿಸುವಂಥದ್ದು. ಜಪಾನಿನಲ್ಲಿ 1996ರಲ್ಲಿ ಮಾರುಕಟ್ಟೆಗೆ ಇಳಿದ ಡಿವಿಡಿ ನಮ್ಮ ಪಡಸಾಲೆಗೆ ಬಂದಾಗ ಅಳತೆ 720×576 ಆಯಿತು, ಬಾಣದ ಗುಂಡಿ ಒತ್ತಿದರೆ ಪರದೆಯ ಮೇಲೆ ಬೆಳಕು ಒಂದು ಹೆಸರಿನಿಂದ ಇನ್ನೊಂದಕ್ಕೆ ಸರಿಯತೊಡಗಿತು. ದೊಡ್ಡ ಕಂಪನಿಯ ಸಿನಿಮಾಕ್ಕೆ ಈ ಕೆಲಸ ಮಾಡಲು ಬೇರೆ ತಂಡವೇ ಇರುತ್ತದೆ. ಸ್ವತಂತ್ರವಾಗಿ ಸಿನಿಮಾ ಮಾಡಿದವರಿಗೆ ಆ ಅನುಕೂಲ ಇರುವುದಿಲ್ಲ. ಸಂಕಲನ ಮಾಡಿದವರೇ ರಾತ್ರಿ ಕೂತು ಮೆನುವನ್ನೂ ಕಟ್ಟುತ್ತಾರೆ. ಹಾಗಾಗಿ ಅವರ ಅಭಿರುಚಿ ಅದರಲ್ಲಿ ನೇರವಾಗಿ ಕಾಣುತ್ತದೆ.

ಮೊದಲು ಅಕ್ಷರ ನೋಡಿ. ನಾನು ನೋಡಿದ ಕನ್ನಡ ಡಿಸ್ಕುಗಳಲ್ಲಿ ಬಹಳಷ್ಟರ ಮೆನು ಇಂಗ್ಲಿಷಿನಲ್ಲೇ ಇತ್ತು. ಓದಲು ಬಾರದ ಅವ್ವ ಎಲ್ಲಕ್ಕಿಂತ ಮೇಲಿನದನ್ನು ಒತ್ತಿ ನೋಡುತ್ತಿದ್ದಳು. ಕನ್ನಡದಲ್ಲಿ ಬರೆಯುವುದು ಸುಲಭದ ಕೆಲಸವೂ ಅಲ್ಲ. ‘ಸಾಕ್ಷ್ಯಚಿತ್ರ’ ಎಂಬ ಒಂದು ಪದದಲ್ಲೇ ಒತ್ತಿನ ಕೆಳಗೆ ಒತ್ತು ಇಳಿಯುತ್ತದೆ. ಸಾಲುಗಳ ನಡುವೆ ಜಾಗ ಬಿಡದಿದ್ದರೆ ಆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಇನ್ನು ಹಳೆಯ ಡಬ್ಬಿ ಟಿವಿ ಚಿತ್ರವನ್ನು ಒಂದು ಸಾಲು ಬಿಟ್ಟು ಒಂದು ಸಾಲಿನಂತೆ ಮೂಡಿಸುತ್ತದೆ. ಅಕ್ಷರದ ಅಡ್ಡಗೆರೆ ತೆಳ್ಳಗಿದ್ದರೆ ಅದು ಎಡೆಬಿಡದೆ ನಡುಗುತ್ತದೆ. ಅಂಚಿನ ಒಂದಿಷ್ಟು ಚಿತ್ರವನ್ನಂತೂ ಆ ಟಿವಿ ನುಂಗಿಯೇಬಿಡುತ್ತದೆ. ಅಕ್ಷರ ದಪ್ಪಗಿದ್ದು, ಸುತ್ತಲೂ ಹತ್ತನೇ ಒಂದು ಭಾಗ ಖಾಲಿ ಬಿಟ್ಟು, ಒತ್ತುಗಳಿಗೆ ಉಸಿರಾಡಲು ಜಾಗ ಕೊಟ್ಟ ಮೆನು ಕಂಡರೆ ಮಾಡಿದವರನ್ನು ಮನಸಾರೆ ಮೆಚ್ಚಿ.

ಆಮೇಲೆ ಬಾಣದ ಗುಂಡಿ ಒತ್ತಿ. ಆಯ್ಕೆಯಾದ ಹೆಸರಿನ ಮೇಲೆ ಬೀಳುವ ಬಣ್ಣಕ್ಕೆ ಡಿವಿಡಿ ಒಂದು ಕಟ್ಟು ಹಾಕಿದೆ: ಆ ಪದರದಲ್ಲಿ ಒಮ್ಮೆಗೆ ನಾಲ್ಕೇ ಬಣ್ಣ. ಮಸುಕಾದ ನೆರಳು, ನಯವಾದ ಹೊಳಪು ಅಲ್ಲಿ ಕೂಡುವುದಿಲ್ಲ. ಕನ್ನಡದ ದುಂಡನೆಯ ಅಕ್ಷರಕ್ಕೇ ಆ ಬಣ್ಣ ತುಂಬಿದರೆ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಬಲ್ಲವರು ಅಕ್ಷರವನ್ನು ಮುಟ್ಟದೆ ಪಕ್ಕದಲ್ಲೊಂದು ಚೌಕ ಇಡುತ್ತಾರೆ.

ಇಲ್ಲಿ ನನಗೆ ನವಲಗುಂದದ ಜಮಖಾನೆ ನೆನಪಾಗುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ಜಮಖಾನೆಯನ್ನು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ಮನೆಯಲ್ಲೇ ಮಗ್ಗದ ಮುಂದೆ ಕೂತು ಹತ್ತಿ ನೂಲಿನಲ್ಲಿ ನೇಯುತ್ತಾ ಬಂದಿದ್ದಾರೆ. ನವಿಲು, ಪಗಡೆಯ ಹಾಸು, ನೇರ ಅಂಚು, ಕೆಲವೇ ಗಟ್ಟಿ ಬಣ್ಣ. ಈ ನೇಕಾರರ ಮೇಲೆ ಯಾರಾದರೂ ಚಿತ್ರ ಮಾಡಿ ಡಿಸ್ಕ್ ತಂದರೆ ಮೆನು ಹೇಗಿರಬೇಕು? ಪಗಡೆಯ ಹಾಸಿಗೆ ನಾಲ್ಕು ತೋಳು, ರಿಮೋಟಿಗೂ ನಾಲ್ಕೇ ಬಾಣ. ಮೇಲಿನ ತೋಳಿಗೆ ಚಿತ್ರ, ಎಡಕ್ಕೆ ದೃಶ್ಯಗಳು, ಬಲಕ್ಕೆ ಭಾಷೆ, ಕೆಳಗೆ ನೇಕಾರರ ಮಾತು. ಮೇಲಿನ ಬಾಣ ಒತ್ತಿದರೆ ಮೇಲಿನ ಮನೆ ಕೆಂಪಾಗಬೇಕು. ನಾಲ್ಕು ಬಣ್ಣದ ಕಟ್ಟು ಇಲ್ಲಿ ತೊಡಕಾಗುವುದೇ ಇಲ್ಲ. ಜಮಖಾನೆಯ ಸಣ್ಣ ಅಡ್ಡಪಟ್ಟೆಗಳನ್ನು ಮಾತ್ರ ಹಾಗೇ ತರಬಾರದು, ಪರದೆಯ ಮೇಲೆ ನಡುಗುತ್ತವೆ. ಪಟ್ಟೆಯನ್ನು ಅಗಲ ಮಾಡಬೇಕು. ಎಲ್ಲಕ್ಕಿಂತ ಮುಖ್ಯ, ಜಮಖಾನೆಯ ಫೋಟೊ ಹಿಂದೆ ಹಾಕಿ ಮೇಲೆ ಅಕ್ಷರ ಅಂಟಿಸಿದ್ದಕ್ಕೂ ಪಗಡೆಯ ನಡೆಯನ್ನೇ ಮೆನುವಿನ ನಡೆ ಮಾಡಿದ್ದಕ್ಕೂ ಇರುವ ದೂರವನ್ನು ರಸಿಕರು ಗುರುತಿಸಬೇಕು.

ಕಿವಿಗೂ ಕೆಲಸವಿದೆ. ಮೆನುವಿನ ಸಂಗೀತ ಮುಗಿದು ಮತ್ತೆ ಮೊದಲಿಗೆ ಬರುವಾಗ ಯಂತ್ರದ ಕಣ್ಣು ಡಿಸ್ಕಿನ ಮೇಲೆ ಹಿಂದಕ್ಕೆ ಓಡಬೇಕು. ಅಲ್ಲೊಂದು ಚಿಕ್ಕ ತಡೆ ಬರುತ್ತದೆ. ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರವನ್ನೇ ತೆಗೆದುಕೊಳ್ಳಿ. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದ ಭಟ್ಟರಾಗಿ ನಟಿಸಿದ ಈ ಚಿತ್ರಕ್ಕೆ ಸಂಗೀತ ಸಿ. ಅಶ್ವತ್ಥ್ ಅವರದು. ಗೋವಿಂದ ಭಟ್ಟರು ನಮ್ಮ ಕುಂದಗೋಳ ತಾಲ್ಲೂಕಿನ ಕಳಸದವರು. ಈ ಚಿತ್ರ ಇಲ್ಲಿಯವರಿಗೆ ಮನೆಯ ಮಾತು. ಇದರ ಮೆನುವಿಗೆ ಅಶ್ವತ್ಥರ ದನಿ ಹಾಕಿ ಮೂವತ್ತು ಸೆಕೆಂಡಿಗೆ ಸಾಲಿನ ನಡುವೆ ಕತ್ತರಿಸಿದರೆ ತತ್ವಪದ ಕೇಳಿ ಬೆಳೆದ ಯಾರಿಗೂ ಸಹಿಸಲಾಗದು. ಏಕತಾರಿಯ ಶ್ರುತಿಯೊಂದೇ ಸಾಕು. ಅದನ್ನು ಮೆಲ್ಲಗೆ ಇಳಿಸಿ ಮತ್ತೆ ಏರಿಸಿದರೆ ತಡೆ ಬಂದದ್ದೇ ತಿಳಿಯುವುದಿಲ್ಲ.

ಇಂಥ ಚಿತ್ರಕ್ಕೆ ‘ಹಾಡುಗಳು’ ಎಂಬ ಬೇರೆ ಪುಟ ಬೇಕೇ ಬೇಕು. ಭಾರತದ ಡಿಸ್ಕುಗಳ ಮೆನುವಿನಲ್ಲಿ ಇದು ರೂಢಿಯಾಗಿ ಬಂದದ್ದು. ಇದನ್ನು ಕೀಳಾಗಿ ಕಾಣುವ ಚಿತ್ರಪ್ರೇಮಿಗಳ ಮಾತು ನನಗೆ ಒಪ್ಪಿಗೆಯಿಲ್ಲ. ದೃಶ್ಯಗಳ ಪುಟವೂ ಅಲಂಕಾರಕ್ಕಲ್ಲ. ಹಳ್ಳಿಯಲ್ಲಿ ಕರೆಂಟು ಹೋಗಿ ಬಂದರೆ ಎಷ್ಟೋ ಯಂತ್ರಗಳು ನಿಂತ ಜಾಗ ಮರೆತು ಮೊದಲಿನಿಂದ ಶುರು ಮಾಡುತ್ತವೆ. ಆಗ ನೋಡುಗರ ಕೈಹಿಡಿಯುವುದು ಆ ಪುಟವೇ. ಮೆನುವಿಗೂ ಮೊದಲು, ದಾಟಲು ಬಿಡದ ಜಾಹೀರಾತುಗಳು ಪ್ರತಿಸಲವೂ ಬರುವಂತೆ ಮಾಡಿದವರಿಗೆ ಕ್ಷಮೆ ಇಲ್ಲ.

ದೃಶ್ಯಗಳ ಹೆಸರಿನಲ್ಲಿ ಕಥೆಯ ಗುಟ್ಟು ಒಡೆದಿದೆಯೇ ಎಂದೂ ಗಮನಿಸಿ. ಪ್ರೇಕ್ಷಕರೇ ಹಣ ಹಾಕಿ ನಿಲ್ಲಿಸಿದ ಪವನ್ ಕುಮಾರ್ ಅವರ ‘ಲೂಸಿಯಾ’ (2013) ಇದಕ್ಕೆ ಒಳ್ಳೆಯ ಅಭ್ಯಾಸ. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿಯುವ ನಿಕ್ಕಿಯ ಬದುಕು ಬಣ್ಣದಲ್ಲಿ, ನಟನೊಬ್ಬನ ಬದುಕು ಕಪ್ಪು-ಬಿಳುಪಿನಲ್ಲಿ. ಯಾವುದು ಕನಸು ಎಂಬುದರ ಮೇಲೇ ಚಿತ್ರ ನಿಂತಿರುವಾಗ ಮೆನು ಒಂದರ ಕಡೆ ವಾಲಬಾರದು. ಟಾರ್ಚಿನ ಬೆಳಕೇ ಆಯ್ಕೆಯ ಗುರುತಾದರೆ ಚಂದ, ಆದರೆ ಆ ಮೃದು ಬೆಳಕನ್ನು ನಾಲ್ಕು ಬಣ್ಣದಲ್ಲಿ ತರಲಾಗದು. ಒಂದೊಂದು ಆಯ್ಕೆಗೂ ಬೇರೆ ಬೇರೆ ಚಿತ್ರಪುಟ ಮಾಡಿ, ಬಾಣ ಒತ್ತಿದ ಕೂಡಲೇ ಪುಟವೇ ಬದಲಾಗುವಂತೆ ಹೊಂದಿಸಬೇಕು. ಹಳೆಯ ಯಂತ್ರದಲ್ಲಿ ಹಾಗೆ ಬದಲಾಗಲು ಒಂದು ಗಳಿಗೆ ಹಿಡಿಯುತ್ತದೆ. ಆ ಬೆಳಕಿಗಾಗಿ ಅಷ್ಟು ಕಾಯುವುದು ನನಗೆ ಒಪ್ಪಿಗೆ. ಮಕ್ಕಳ ಕೈಯಲ್ಲಿ ರಿಮೋಟ್ ಇರುವ ಮನೆಯವರು ಬೇರೆ ಹೇಳಬಹುದು.

ಜಾತ್ರೆಯ ಅಂಗಡಿಯಲ್ಲೋ ಪರಿಚಯದವರ ಕಪಾಟಿನಲ್ಲೋ ಹಳೆಯ ಡಿಸ್ಕು ಸಿಕ್ಕರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ. ಸುತ್ತಿ ಒರೆಸಿದರೆ ಗೀರು ಹೆಚ್ಚು ಹಾನಿ ಮಾಡುತ್ತದೆ. ಸಾಧ್ಯವಾದರೆ ಡಬ್ಬಿ ಟಿವಿಯಲ್ಲೇ ನೋಡಿ, ಆ ಮೆನುಗಳನ್ನು ಮಾಡಿದ್ದು ಅದರ ಪರದೆಗಾಗಿ. ಕನ್ನಡದಲ್ಲೇ ಮೆನು ಇರುವ ಡಿಸ್ಕು ಕಂಡರಂತೂ ಸಿನಿಮಾ ಯಾವುದೇ ಇರಲಿ, ಕೊಂಡುಬಿಡಿ.